ಬರ್ನರಿನ ಕೆಂಪು ದೀಪ ನಮ್ಮ ವೈರಿಯಲ್ಲ



ಮನೆಯಲ್ಲಿ ಗ್ಯಾಸ್ ಒಲೆ ಹಚ್ಚುವ ನಮ್ಮ ತಾಯಂದಿರಿಗೆ ಒಂದು ವಿಷಯವನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಅವರು ಮೊದಲು ಕಡ್ಡಿ ಗೀರುತ್ತಾರೆ, ಆಮೇಲೆ ಒಲೆಯ ತಿರುಪು ತಿರುಗಿಸುತ್ತಾರೆ. ತಿರುಪನ್ನು ಮೊದಲು ತಿರುಗಿಸಿಬಿಟ್ಟು ಕಡ್ಡಿಪೆಟ್ಟಿಗೆ ಹುಡುಕುತ್ತ ಹೋದರೆ ಏನಾಗುತ್ತದೆಂದು ಅವರಿಗೆ ಗೊತ್ತು. ಗ್ಯಾಸಿನ ವಾಸನೆ ಬಂದರೆ ಬಾಗಿಲು ಕಿಟಕಿ ತೆರೆದು, ಕಡ್ಡಿ ಗೀರದೆ, ಸ್ವಿಚ್ ಮುಟ್ಟದೆ, ವಾಸನೆ ಹೋಗುವ ತನಕ ಕಾಯುತ್ತಾರೆ. ಟೀ ಫ್ಯಾಕ್ಟರಿಯ ಡ್ರೈಯರಿಗೆ ಜೋಡಿಸಿರುವ ಗ್ಯಾಸ್ ಬರ್ನರ್, ಅದರ ಬೆಲೆ ಎಷ್ಟೇ ಇರಲಿ, ಮಾಡುವುದು ಈ ತಾಯಂದಿರು ಮಾಡುವುದನ್ನೇ. ಗಾಳಿ ಮೊದಲು, ಕಿಡಿ ಆಮೇಲೆ, ಗ್ಯಾಸ್ ಕೊನೆಗೆ. ಇಷ್ಟನ್ನು ತಿಳಿಯದೆ ನಾನು ಒಮ್ಮೆ ಒಂದು ಕಾಗದಕ್ಕೆ ಸಹಿ ಹಾಕಿದೆ. ಆ ಸಹಿಯ ಲೆಕ್ಕ ಒಪ್ಪಿಸುವುದಕ್ಕಾಗಿ ಈ ಲೇಖನ ಬರೆಯುತ್ತಿದ್ದೇನೆ.

ನೀಲಗಿರಿಯ ಬಹಳಷ್ಟು ಫ್ಯಾಕ್ಟರಿಗಳಲ್ಲಿ ಇಂದಿಗೂ ಸೌದೆಯ ಒಲೆಯೇ ಡ್ರೈಯರಿಗೆ ಬಿಸಿ ಕೊಡುತ್ತದೆ. ಅಸ್ಸಾಮಿನ ಕಡೆ ನೆಲದಿಂದ ಬರುವ ನೈಸರ್ಗಿಕ ಅನಿಲ ಉಂಟು. ನಮ್ಮಲ್ಲಿ ಗ್ಯಾಸ್ ಹಾಕಿದ ಕಡೆ ಅದು ಸಿಲಿಂಡರಿನ ಎಲ್.ಪಿ.ಜಿ. ನಾನು ಹೇಳುವ ಫ್ಯಾಕ್ಟರಿಯಲ್ಲಿ ಇದ್ದುದೂ ಅದೇ. 2019ರ ಅಕ್ಟೋಬರ್ ತಿಂಗಳು, ರಾತ್ರಿ ಪಾಳಿ. ಮಳೆ ಹಿಡಿದಿತ್ತು, ಎಲೆಯೂ ಮಿತಿಮೀರಿ ಬಂದಿತ್ತು. ರುಬ್ಬಿದ ಎಲೆ ಹದಕ್ಕೆ ಬಂದು ಡ್ರೈಯರಿಗೆ ಕಾದು ಕುಳಿತಿತ್ತು. ಬರ್ನರ್ ಮಾತ್ರ ಹತ್ತಲೊಲ್ಲದು. ಹತ್ತದಿದ್ದಾಗಲೆಲ್ಲ ಪೆಟ್ಟಿಗೆಯ ಮೇಲಿನ ಕೆಂಪು ದೀಪ ಉರಿದು ಎಲ್ಲವೂ ನಿಂತುಬಿಡುತ್ತಿತ್ತು. ಡ್ರೈಯರಿನ ಕೆಲಸದಲ್ಲಿದ್ದ ಸಹೋದರನಿಗೆ ಮೇಲಿನವರ ಅಪ್ಪಣೆ ಒಂದೇ: "ರೀಸೆಟ್ ಒತ್ತು." ಅವನು ಎಂಟು ಸಲ ಒತ್ತಿದ. ಒಂಬತ್ತನೆಯ ಸಲ ಒತ್ತಿದಾಗ ಬರ್ನರಿನ ಬಾಗಿಲು ಕಿತ್ತುಕೊಂಡು ಬಂತು. ಮುಖವೂ ಎರಡು ಕೈಗಳೂ ಸುಟ್ಟವು. ಪ್ರಾಣ ಉಳಿಯಿತು, ದೇವರಿಗೆ ಸ್ತೋತ್ರ. ಬಲಗೈಯ ಮೂರು ಬೆರಳು ಇಂದಿಗೂ ಮಡಿಸಲು ಬರುವುದಿಲ್ಲ. ಅವನ ಇಬ್ಬರು ಮಕ್ಕಳು ನನ್ನ ಭಾನುವಾರದ ಜ್ಞಾನೋಪದೇಶಕ್ಕೆ ಬರುವವರು.

ವಿಚಾರಣೆ ನಡೆಯಿತು. ಕಾರ್ಮಿಕರ ಪರವಾಗಿ ಕುಳಿತವನು ನಾನು. "ಎಂಟು ಸಲ ದೀಪ ಎಚ್ಚರಿಕೆ ಕೊಟ್ಟರೂ ಒಂಬತ್ತನೆಯ ಸಲ ಒತ್ತಿದ್ದಾನಲ್ಲ?" ಎಂದು ಕೇಳಿದರು. ನನಗೆ ಉತ್ತರ ತಿಳಿಯಲಿಲ್ಲ. ಕಾರ್ಮಿಕನ ಅಜಾಗರೂಕತೆ ಎಂದು ಬರೆದ ಕಾಗದವನ್ನು ನನ್ನ ಮುಂದೆ ಇಟ್ಟರು. ಆಸ್ಪತ್ರೆಯ ಖರ್ಚು ಕೊಡುತ್ತೇವೆ, ಕೆಲಸದಿಂದ ತೆಗೆಯುವುದಿಲ್ಲ ಎಂದರು. ಅಷ್ಟಾದರೂ ಸಿಕ್ಕಿತಲ್ಲ ಎಂದುಕೊಂಡು ಸಹಿ ಹಾಕಿದೆ. ಕೆಲವು ವಾರಗಳ ನಂತರ ಬರ್ನರ್ ರಿಪೇರಿಗೆ ಕೊಯಮತ್ತೂರಿನಿಂದ ಒಬ್ಬ ಮೆಕ್ಯಾನಿಕ್ ಬಂದರು. ಚಹದಂಗಡಿಯ ಬೆಂಚಿನ ಮೇಲೆ ಕುಳಿತು, ಕಾಗದದ ಚೂರಿನಲ್ಲಿ ಚಿತ್ರ ಬರೆದು, ಅವರು ನನಗೆ ವಿವರಿಸಿದ್ದನ್ನು ಇಲ್ಲಿ ನನಗೆ ತಿಳಿದ ಮಟ್ಟಿಗೆ ಹೇಳುತ್ತೇನೆ. ಎಸ್.ಎಸ್.ಎಲ್.ಸಿ. ಓದಿದ ನನಗೆ ಅರ್ಥವಾದದ್ದು ನಿಮ್ಮಲ್ಲಿ ಯಾರಿಗೂ ಅರ್ಥವಾಗದೆ ಹೋಗದು.

ಬರ್ನರಿಗೆ ಒಂದು ನಿಯಂತ್ರಣ ಪೆಟ್ಟಿಗೆ ಇರುತ್ತದೆ. ಬಿಸಿ ಬೇಕು ಎಂದು ಡ್ರೈಯರಿನ ಉಷ್ಣಮಾಪಕ ಕೇಳಿದೊಡನೆ ಅದು ಗ್ಯಾಸ್ ಬಿಡುವುದಿಲ್ಲ. ಮೊದಲು ಗಾಳಿಯ ಫ್ಯಾನನ್ನು ಓಡಿಸುತ್ತದೆ. ಹಿಂದಿನ ಸಲ ಉಳಿದಿರಬಹುದಾದ, ಇಲ್ಲವೇ ವಾಲ್ವಿನಿಂದ ಸೋರಿರಬಹುದಾದ ಗ್ಯಾಸನ್ನೆಲ್ಲ ಒಲೆಯ ಕೋಣೆಯಿಂದ ಹೊರಗೆ ಅಟ್ಟುವುದು ಇದರ ಉದ್ದೇಶ. ಕೋಣೆಯ ಅಳತೆಯ ಕನಿಷ್ಠ ನಾಲ್ಕು ಪಟ್ಟು ಗಾಳಿ ಹಾಯಬೇಕೆಂಬುದು ಕೈಗಾರಿಕಾ ಒಲೆಗಳಿಗೆ ಅಮೆರಿಕದ ಅಗ್ನಿಸುರಕ್ಷತಾ ನಿಯಮ ಇಟ್ಟಿರುವ ಲೆಕ್ಕ. ತಾಯಂದಿರು ಬಾಗಿಲು ಕಿಟಕಿ ತೆರೆಯುತ್ತಾರಲ್ಲ, ಅದೇ ಇದು.

ಫ್ಯಾನ್ ಓಡುತ್ತಿದೆಯೆಂದು ಪೆಟ್ಟಿಗೆಗೆ ಗೊತ್ತಾಗುವುದು ಹೇಗೆ? ಗಾಳಿಯ ಕೊಳವೆಯಲ್ಲಿ ಒಂದು ಚಿಕ್ಕ ಒತ್ತಡದ ಸ್ವಿಚ್ ಕೂರಿಸಿರುತ್ತಾರೆ. ಗಾಳಿ ಒತ್ತಿದರೆ ಅದು ಕೂಡಿಕೊಳ್ಳುತ್ತದೆ, ಗಾಳಿ ನಿಂತರೆ ಬಿಟ್ಟುಕೊಳ್ಳುತ್ತದೆ. ಮೋಟಾರು ಗುಂಯ್ ಎಂದರೆ ಸಾಲದು, ಗಾಳಿ ನಿಜವಾಗಿ ಹೋಗುತ್ತಿರಬೇಕು. ಈ ಸ್ವಿಚ್ ಅದರ ಸಾಕ್ಷಿ.

ಗಾಳಿಯ ಹೊತ್ತು ಮುಗಿದ ಮೇಲೆ ಕಿಡಿ. ಒಂದು ಟ್ರಾನ್ಸ್‌ಫಾರ್ಮರ್ ನಮ್ಮ ಮನೆಯ 230 ವೋಲ್ಟನ್ನು 5,000ದಿಂದ 10,000 ವೋಲ್ಟಿನ ತನಕ ಏರಿಸುತ್ತದೆ. ಪಿಂಗಾಣಿಯ ಕವಚದೊಳಗಿನ ಲೋಹದ ಕಡ್ಡಿಯ ತುದಿಯಿಂದ, ಮೂರು ನಾಲ್ಕು ಮಿಲಿಮೀಟರಿನಷ್ಟು ಸಂದು ದಾಟಿ, ಕಿಡಿ ಹಾರುತ್ತದೆ. ಕಿಡಿ ಹಾರುತ್ತಿರುವಾಗಲೇ ಪೈಲಟ್ ಎಂಬ ಸಣ್ಣ ಜ್ವಾಲೆಗೆ ಗ್ಯಾಸ್ ಬಿಡುತ್ತದೆ. ಇದಕ್ಕೆ ಕೊಡುವ ಅವಕಾಶ ಸಾಮಾನ್ಯವಾಗಿ 5ರಿಂದ 15 ಸೆಕೆಂಡು. ಅಷ್ಟರಲ್ಲಿ ಜ್ವಾಲೆ ಕಾಣಿಸಿದರೆ ದೊಡ್ಡ ವಾಲ್ವು ತೆರೆಯುತ್ತದೆ. ಕಾಣಿಸದಿದ್ದರೆ ಗ್ಯಾಸ್ ಮುಚ್ಚಿ, ಕೆಂಪು ದೀಪ ಹಾಕಿ, ಪೆಟ್ಟಿಗೆ ತನಗೆ ತಾನೇ ಬೀಗ ಹಾಕಿಕೊಳ್ಳುತ್ತದೆ. ಇದಕ್ಕೆ ಲಾಕೌಟ್ ಎನ್ನುತ್ತಾರೆ. ಯೂನಿಯನ್ನಿನವರಾದ ನಮಗೆ ಆ ಮಾತು ಕೇಳಿದರೆ ಆಗುವುದಿಲ್ಲ. ಈ ಒಂದು ಲಾಕೌಟ್ ಮಾತ್ರ ಕಾರ್ಮಿಕನ ಪರವಾಗಿ ಘೋಷಿಸಿದ್ದು.

ಜ್ವಾಲೆ ಇದೆಯೆಂದು ಪೆಟ್ಟಿಗೆ ತಿಳಿಯುವ ಬಗೆ ಬಹಳ ಸೊಗಸಾದದ್ದು. ಕೆಲವು ಬರ್ನರುಗಳಲ್ಲಿ ಜ್ವಾಲೆಯೊಳಗೆ ಒಂದು ಲೋಹದ ಕಡ್ಡಿ ಚಾಚಿರುತ್ತದೆ. ಬೆಂಕಿಯ ಮೂಲಕ ವಿದ್ಯುತ್ತು ಸ್ವಲ್ಪವೇ ಹರಿಯುತ್ತದೆ, ಒಂದು ಆಂಪಿಯರನ್ನು ಹತ್ತು ಲಕ್ಷ ಪಾಲು ಮಾಡಿದರೆ ಅಂಥ ಕೆಲವು ಪಾಲಿನಷ್ಟು ಮಾತ್ರ. ಅದೂ ಮುಖ್ಯವಾಗಿ ಒಂದೇ ದಿಕ್ಕಿಗೆ. ಬರಿಯ ತಂತಿಯಲ್ಲಿ ಆದರೆ ಎರಡು ದಿಕ್ಕಿಗೂ ಸಮವಾಗಿ ಹರಿಯುತ್ತದೆ. ಆದುದರಿಂದ ತಂತಿಯ ತುಂಡು ಸಿಕ್ಕಿಸಿ "ಜ್ವಾಲೆ ಇದೆ" ಎಂದು ಈ ಪೆಟ್ಟಿಗೆಯನ್ನು ನಂಬಿಸಲು ಆಗುವುದಿಲ್ಲ. ಬೇರೆ ಬರ್ನರುಗಳಲ್ಲಿ ಜ್ವಾಲೆಯ ನೇರಳಾತೀತ ಕಿರಣವನ್ನು ನೋಡುವ ಒಂದು ಕಣ್ಣು ಇರುತ್ತದೆ. ನಮ್ಮ ಫ್ಯಾಕ್ಟರಿಗಳಲ್ಲಿ ಹಾರುವ ಟೀ ನಾರು ಆ ಕಣ್ಣಿನ ಗಾಜಿನ ಮೇಲೆ ಕೂತರೆ ಬೆಂಕಿ ಉರಿಯುತ್ತಿದ್ದರೂ ಅದಕ್ಕೆ ಕಾಣದು. ಕೆಲಸದ ನಡುವೆ ಜ್ವಾಲೆ ಆರಿದರೆ ಒಂದರಿಂದ ನಾಲ್ಕು ಸೆಕೆಂಡಿನೊಳಗೆ ಗ್ಯಾಸ್ ನಿಲ್ಲಬೇಕು. ಆ ಕೊಳವೆಯಲ್ಲಿ ಒಂದರ ಹಿಂದೆ ಒಂದರಂತೆ ಎರಡು ಸುರಕ್ಷಾ ವಾಲ್ವುಗಳನ್ನು ಹಾಕುವುದು ಒಂದು ಸೋರಿದರೂ ಇನ್ನೊಂದು ತಡೆಯಲಿ ಎಂದು.

ಇಷ್ಟೊಂದು ಕಾವಲು ಏಕೆ? ಎಲ್.ಪಿ.ಜಿ. ಗಾಳಿಗಿಂತ ಭಾರ, ಸುಮಾರು ಒಂದೂವರೆಯಿಂದ ಎರಡು ಪಟ್ಟು. ಅದು ಮೇಲೆ ಹೋಗದೆ ಕೋಣೆಯ ತಳದಲ್ಲಿ, ಹಳ್ಳದಲ್ಲಿ, ಚರಂಡಿಯಲ್ಲಿ ನೀರಿನಂತೆ ನಿಲ್ಲುತ್ತದೆ. ಗಾಳಿಯಲ್ಲಿ ನೂರಕ್ಕೆ ಸುಮಾರು ಎರಡು ಪಾಲು ಸೇರಿದರೆ ಸಾಕು, ಕಿಡಿಗೆ ಸಿಡಿಯುತ್ತದೆ. ಒಂದು ಘನ ಮೀಟರಿನ ಕೋಣೆಗೆ ಅದು 20 ಲೀಟರ್ ಅನಿಲ. ಸಿಲಿಂಡರಿನೊಳಗೆ ದ್ರವವಾಗಿರುವಾಗ ಅಷ್ಟು ಅನಿಲ ಒಂದು ಸಣ್ಣ ಚಹ ಲೋಟದಲ್ಲಿ ಹಿಡಿಯುತ್ತದೆ. ಒಂದು ಲೋಟ ಚಹದಷ್ಟು ಗ್ಯಾಸ್ ಒಬ್ಬ ಮನುಷ್ಯನ ಬೆರಳುಗಳನ್ನು ಜೀವಮಾನಕ್ಕೆ ಕಟ್ಟಿಹಾಕಬಲ್ಲದು.

ಈಗ ಆ ರಾತ್ರಿಗೆ ಬರೋಣ. ಕಿಡಿ ಕಡ್ಡಿಯ ಪಿಂಗಾಣಿಯಲ್ಲಿ ಕೂದಲೆಳೆಯಂಥ ಬಿರುಕು ಇತ್ತು. ಮಳೆಗಾಲದ ತೇವದಲ್ಲಿ ವಿದ್ಯುತ್ತು ತುದಿಗೆ ಹೋಗದೆ ಬಿರುಕಿನ ದಾರಿಯಲ್ಲಿ ಪಕ್ಕದ ಕಬ್ಬಿಣಕ್ಕೆ ಹಾರುತ್ತಿತ್ತು. ಬರ್ನರ್ ಹತ್ತದಿರಲು ಕಾರಣ ಅಷ್ಟೆ. ಪಿಂಗಾಣಿ ಬದಲಿಸಿದ್ದರೆ ಮುಗಿಯುತ್ತಿತ್ತು. ಎರಡನೆಯ ದೋಷ ಫ್ಯಾನಿನ ಬೆಲ್ಟಿನದು. ಅದು ಸಡಿಲವಾಗಿ ಜಾರುತ್ತಿತ್ತು. ಮೋಟಾರು ತಿರುಗಿದರೂ ಗಾಳಿ ಹೋಗುತ್ತಿರಲಿಲ್ಲ. ಆಗ ಗಾಳಿಯ ಸ್ವಿಚ್ ಬಿಟ್ಟುಕೊಂಡು, ಕಿಡಿಯ ಹಂತಕ್ಕೇ ಹೋಗದಂತೆ ತಡೆಯಬೇಕಿತ್ತು. ತಡೆಯಲಿಲ್ಲ. ಏಕೆಂದರೆ ಆ ಸ್ವಿಚ್ಚಿನ ಎರಡು ತಂತಿಗಳನ್ನು ಅದಕ್ಕೂ ಮೂರು ತಿಂಗಳು ಮೊದಲೇ ಒಂದಕ್ಕೊಂದು ಸುತ್ತಿ, ಮೇಲೆ ಟೇಪು ಹಚ್ಚಿದ್ದರು. ಹೊಸ ಪೆಟ್ಟಿಗೆಗಳು ಫ್ಯಾನ್ ಹೊರಡುವ ಮೊದಲೇ ಸ್ವಿಚ್ ಕೂಡಿಕೊಂಡಿದ್ದರೆ ಮೋಸ ಹಿಡಿಯುತ್ತವೆ. ಇದು ಹಳೆಯದು, ಹಿಡಿಯಲಿಲ್ಲ. ಹೀಗಾಗಿ ಗಡಿಯಾರದ ಪ್ರಕಾರ ಗಾಳಿ ಹಾಯಿತು, ನಿಜವಾಗಿ ಹಾಯಲಿಲ್ಲ. ಎಂಟು ಸಲ ಬಿಟ್ಟ ಗ್ಯಾಸ್ ತಳದಲ್ಲಿ ಹಾಗೆಯೇ ಕುಳಿತಿತ್ತು. ಒಂಬತ್ತನೆಯ ಸಲ ಕಿಡಿ ಸರಿಯಾದ ತುದಿಯಿಂದಲೇ ಹಾರಿತು.

ಸಹೋದರರೇ, ಮೂರು ತಿಂಗಳು ಮೊದಲು ಆ ತಂತಿ ಸುತ್ತಿದವರು ಯಾರು, ಸುತ್ತಲು ಹೇಳಿದವರು ಯಾರು ಎಂದು ವಿಚಾರಣೆಯಲ್ಲಿ ಯಾರೂ ಕೇಳಲಿಲ್ಲ. ಕೇಳಬೇಕಾದವನು ನಾನು. ಗಾಳಿಯ ಸ್ವಿಚ್ ಎಂಬುದೊಂದು ಇದೆಯೆಂದೇ ನನಗೆ ಗೊತ್ತಿರಲಿಲ್ಲ. ಗುಂಡಿ ಒತ್ತಿದ ಕೈ ಕಾಗದದಲ್ಲಿ ಬಂತು, ತಂತಿ ಸುತ್ತಿದ ಕೈ ಬರಲಿಲ್ಲ. ಅವನನ್ನು ನೋಡಲು ಹೋದಾಗ ಅವನ ಹೆಂಡತಿ ನನಗೆ ಚಹ ಕೊಟ್ಟು, "ಅಣ್ಣಾ, ಇವರದೇ ತಪ್ಪಂತೆ, ನೀವೂ ಬರೆದು ಕೊಟ್ಟಿರಂತೆ" ಎಂದು ಮಾತ್ರ ಹೇಳಿದಳು. ಅದರಲ್ಲಿ ಸಿಟ್ಟು ಇರಲಿಲ್ಲ. ಇದ್ದಿದ್ದರೆ ನನಗೆ ಹಗುರವಾಗುತ್ತಿತ್ತು.

ನನ್ನ ಅಭಿಪ್ರಾಯವನ್ನು ಈಗ ನೇರವಾಗಿ ಹೇಳುತ್ತೇನೆ. ಯಂತ್ರದ ತಿಳುವಳಿಕೆ ಫಿಟ್ಟರಿಗೆ ಸೇರಿದ್ದು, ಯೂನಿಯನ್ನಿನ ಕೆಲಸ ಕೂಲಿ, ಬೋನಸ್ಸು, ಲೈನ್ ಮನೆಯ ಸೂರು ಎಂದು ನಾವು ಇಷ್ಟು ಕಾಲ ತಿಳಿದದ್ದು ತಪ್ಪು. ಯಂತ್ರ ಗೊತ್ತಿಲ್ಲದ ಕಡೆ ನ್ಯಾಯ ಕೇಳಲೂ ಬಾಯಿ ಬರುವುದಿಲ್ಲ.

ಇದರಲ್ಲಿ ಹಣದ ಪ್ರಶ್ನೆಯೂ ಇದೆ. ಕೆಲಸದಲ್ಲಿ ಗಾಯವಾದರೆ ಪರಿಹಾರ ಕೊಡಬೇಕೆಂದು 1923ರ ಕಾಯಿದೆ ಹೇಳಿತ್ತು. ಅದೇ ಕಾಯಿದೆಯಲ್ಲಿ ಒಂದು ಬಾಗಿಲು ಇತ್ತು: ಸುರಕ್ಷೆಗಾಗಿ ಇಟ್ಟ ಸಾಧನವೆಂದು ತಿಳಿದೂ ಕಾರ್ಮಿಕನು ಅದನ್ನು ಬೇಕೆಂದೇ ತೆಗೆದುಹಾಕಿದ್ದರೆ ಅಥವಾ ಕಡೆಗಣಿಸಿದ್ದರೆ, ಮರಣವಾಗಲಿ ಪೂರ್ಣ ಶಾಶ್ವತ ಅಂಗವೈಕಲ್ಯವಾಗಲಿ ಆಗದ ಗಾಯಗಳಿಗೆ ಮಾಲೀಕರು ಪರಿಹಾರ ಕೊಡಬೇಕಾಗಿಲ್ಲ. 2025ರ ನವೆಂಬರ್ 21ರಂದು ಜಾರಿಗೆ ಬಂದ 2020ರ ಸಾಮಾಜಿಕ ಭದ್ರತಾ ಸಂಹಿತೆಯಲ್ಲೂ ಈ ಬಾಗಿಲು ಉಳಿದಿದೆ. ಆದುದರಿಂದ "ತಂತಿ ಸುತ್ತಿಬಿಡು, ಎಲೆ ಹಾಳಾಗುತ್ತದೆ" ಎಂದು ಯಾರಾದರೂ ಬಾಯಿಮಾತಿನಲ್ಲಿ ಹೇಳಿ, ನೀವು ಸುತ್ತಿದರೆ, ನಾಳೆ ಹೇಳಿದ ಬಾಯಿ ಇರುವುದಿಲ್ಲ, ಸುತ್ತಿದ ಕೈ ಮಾತ್ರ ಇರುತ್ತದೆ. "ಬೇಕೆಂದೇ", "ತಿಳಿದೂ" ಎಂಬ ಎರಡು ಮಾತುಗಳನ್ನು ನೆನಪಿನಲ್ಲಿಡಿ. ಆ ಸಾಧನ ಏನೆಂದು ಯಾರೂ ಹೇಳಿಕೊಡದ ಮನುಷ್ಯನ ಮೇಲೆ ಈ ಮಾತುಗಳನ್ನು ಹೊರಿಸಲು ಬಂದರೆ ಒಪ್ಪಬಾರದು. ನಾನು ಒಪ್ಪಿ ಸಹಿ ಹಾಕಿದೆ.

ಕಾನೂನು ನಮ್ಮ ಕೈಗೂ ಒಂದನ್ನು ಕೊಟ್ಟಿದೆ. ಅಪಾಯ ಕಂಡರೆ ಎಚ್ಚರಿಸುವ ಹಕ್ಕನ್ನು ಕಾರ್ಖಾನೆ ಕಾಯಿದೆಗೆ 1987ರಲ್ಲಿ ಸೇರಿಸಿದ್ದರು. ಈಗ ಅದರ ಜಾಗಕ್ಕೆ ಬಂದಿರುವ 2020ರ ಔದ್ಯೋಗಿಕ ಸುರಕ್ಷತಾ ಸಂಹಿತೆಯ 14ನೆಯ ಕಲಮು, ಸುರಕ್ಷತೆಯ ವಿಷಯದಲ್ಲಿ ಮಾಲೀಕರಿಂದ ಮಾಹಿತಿ ಕೇಳುವ ಹಕ್ಕನ್ನೂ, ತಕ್ಷಣದ ಅಪಾಯ ಇದೆಯೆಂದು ತೋರಿದರೆ ಮಾಲೀಕರಿಗೂ ಸರಕಾರದ ಇನ್ಸ್‌ಪೆಕ್ಟರಿಗೂ ತಿಳಿಸುವ ಹಕ್ಕನ್ನೂ ಕಾರ್ಮಿಕನಿಗೆ ಕೊಡುತ್ತದೆ. ಕೇಳಿದರೆ ಬಯ್ಯುತ್ತಾರೆ ಎಂಬ ಹೆದರಿಕೆ ನನಗೂ ಉಂಟು. ಒಬ್ಬನೇ ಕೇಳಿದರೆ ಬಯ್ಯಬಹುದು, ಪಾಳಿಯವರೆಲ್ಲ ಕೂಡಿ ಕೇಳಿದರೆ ಉತ್ತರ ಕೊಡುತ್ತಾರೆ.

ಆಡಳಿತ ವರ್ಗದವರ ಕಷ್ಟವನ್ನೂ ಹೇಳಬೇಕು. ಹದವಾದ ಎಲೆ ಕಾಯುವುದಿಲ್ಲ, ಒಂದು ಗಂಟೆ ತಡವಾದರೂ ರುಚಿ ಕೆಟ್ಟು ಹರಾಜಿನಲ್ಲಿ ಬೆಲೆ ಬೀಳುತ್ತದೆ. ಫ್ಯಾಕ್ಟರಿಗೆ ನಷ್ಟವಾದರೆ ನಮ್ಮ ಹೊಟ್ಟೆಗೂ ಪೆಟ್ಟು. ಇದು ಸುಳ್ಳಲ್ಲ. ಆದರೂ ಲೆಕ್ಕ ಹಾಕಿ ನೋಡಿ. ಪಿಂಗಾಣಿಯ ಒಂದು ಕಡ್ಡಿ ಸ್ಟೋರಿನಲ್ಲಿ ಇಟ್ಟಿದ್ದರೆ ಅರ್ಧ ಗಂಟೆಯಲ್ಲಿ ಬದಲಿಸಬಹುದಿತ್ತು. ಅದು ಇಲ್ಲದ್ದರಿಂದ ಫ್ಯಾಕ್ಟರಿ ಹತ್ತು ದಿನ ನಿಂತಿತು, ಆ ರಾತ್ರಿಯ ಎಲೆಯೂ ಗೊಬ್ಬರದ ಗುಂಡಿಗೆ ಹೋಯಿತು. ಕೆಂಪು ದೀಪವನ್ನು ಗೌರವಿಸುವುದು ಮಾಲೀಕರಿಗೂ ಲಾಭವೇ.

ನಮ್ಮವರ ತಪ್ಪೂ ಇದೆ. "ಇಪ್ಪತ್ತು ವರ್ಷದಿಂದ ಒಲೆ ಮುಂದೆ ಇದ್ದೇನೆ, ನನಗೇನು ಕಲಿಸುತ್ತೀರಿ?" ಎನ್ನುವ ಹಿರಿಯರು ಪ್ರತಿ ಫ್ಯಾಕ್ಟರಿಯಲ್ಲಿಯೂ ಇದ್ದಾರೆ. ಸೌದೆಯ ಒಲೆ ಕಣ್ಣಿಗೆ ಕಾಣುವ ಬೆಂಕಿ, ಅದರ ಅನುಭವ ದೊಡ್ಡದು. ಗ್ಯಾಸ್ ಹತ್ತುವ ತನಕ ಕಣ್ಣಿಗೆ ಕಾಣುವುದಿಲ್ಲ. ಅದರ ಮುಂದೆ ಇಪ್ಪತ್ತು ವರ್ಷದವನೂ ನಿನ್ನೆ ಬಂದವನೂ ಒಂದೇ.

ಆದುದರಿಂದ ನಮ್ಮ ಸಹೋದರ ಸಂಘಗಳೂ ಯೂನಿಯನ್ನಿನ ಶಾಖೆಗಳೂ ಗ್ಯಾಸ್ ಬರ್ನರ್ ಇರುವ ಪ್ರತಿ ಫ್ಯಾಕ್ಟರಿಯಲ್ಲಿ ಐದು ವಿಷಯಗಳನ್ನು ಕೇಳಬೇಕೆಂದು ನನ್ನ ಬಿನ್ನಹ.

ಮೊದಲನೆಯದು, ಬರ್ನರ್ ಹಚ್ಚುವ ಕ್ರಮವನ್ನೂ ನಿಂತಾಗ ಮಾಡಬೇಕಾದುದನ್ನೂ ಕೆಲಸಗಾರರು ಓದುವ ಭಾಷೆಗಳಲ್ಲಿ ಬೋರ್ಡಿನ ಮೇಲೆ ಬರೆದು ಹಾಕಬೇಕು. ಕನ್ನಡ, ತಮಿಳು, ಮಲಯಾಳ, ಹಾಗೂ ಈಗ ಉತ್ತರದಿಂದ ಕೆಲಸಕ್ಕೆ ಬರುತ್ತಿರುವ ಸಹೋದರರಿಗಾಗಿ ಹಿಂದಿ.

ಎರಡನೆಯದು, ರೀಸೆಟ್ ಒಂದೇ ಸಲ. ಮತ್ತೆ ಕೆಂಪು ದೀಪ ಬಂದರೆ ಗ್ಯಾಸಿನ ಕೈವಾಲ್ವು ಮುಚ್ಚಿ, ದೂರ ನಿಂತು, ಫಿಟ್ಟರನ್ನು ಕರೆಯಬೇಕು. ದಿನ, ವೇಳೆ, ಕಾರಣ ಪುಸ್ತಕದಲ್ಲಿ ಬರೆಯಬೇಕು. ಆ ಪುಸ್ತಕ ಇದ್ದಿದ್ದರೆ ಆ ರಾತ್ರಿಗೆ ಮೊದಲು ಎಷ್ಟು ಸಲ ದೀಪ ಉರಿದಿತ್ತು ಎಂದು ವಿಚಾರಣೆಯಲ್ಲಿ ಎಲ್ಲರಿಗೂ ಕಾಣುತ್ತಿತ್ತು.

ಮೂರನೆಯದು, ಯಾವ ಸುರಕ್ಷಾ ಸ್ವಿಚ್ಚಿಗೂ ತಂತಿ ಸುತ್ತಬಾರದು. ಸುತ್ತಲು ಹೇಳಿದವರು ಬರೆದು ಸಹಿ ಮಾಡಿ ಕೊಡಲಿ ಎನ್ನಿ. ಬರೆದು ಕೊಡಲು ಯಾರೂ ಮುಂದೆ ಬರುವುದಿಲ್ಲ, ಕೆಲಸ ಅಲ್ಲಿಗೇ ನಿಲ್ಲುತ್ತದೆ.

ನಾಲ್ಕನೆಯದು, ತಿಂಗಳಿಗೊಮ್ಮೆ ತಿಳಿದ ಮೆಕ್ಯಾನಿಕ್ ಬಂದು, ಉರಿಯುವ ಬರ್ನರಿನ ಗ್ಯಾಸನ್ನು ಕೈಯಿಂದ ನಿಲ್ಲಿಸಿ, ಎಷ್ಟು ಸೆಕೆಂಡಿನಲ್ಲಿ ಸುರಕ್ಷಾ ವಾಲ್ವು ಮುಚ್ಚುತ್ತದೆ, ಗಾಳಿ ನಿಲ್ಲಿಸಿದರೆ ಪೆಟ್ಟಿಗೆ ಬೀಗ ಹಾಕಿಕೊಳ್ಳುತ್ತದೆಯೇ ಎಂದು ಪರೀಕ್ಷಿಸಬೇಕು. ಕಾರ್ಮಿಕರ ಪ್ರತಿನಿಧಿ ಪಕ್ಕದಲ್ಲಿ ನಿಂತು ನೋಡಬೇಕು. ಇದನ್ನು ನಾವೇ ಮಾಡಲು ಹೋಗಬಾರದು.

ಐದನೆಯದು ನನ್ನಂಥವರಿಗೆ. ಅಪಘಾತದ ವಿಚಾರಣೆಯಲ್ಲಿ ಕಾರ್ಮಿಕರ ಪರ ಕೂರುವವನು, ಫ್ಯಾಕ್ಟರಿಗೆ ಸೇರದ ಒಬ್ಬ ತಿಳಿದವರಿಂದ ಯಂತ್ರವನ್ನು ವಿವರಿಸಿಕೊಳ್ಳುವ ತನಕ ಯಾವ ಕಾಗದಕ್ಕೂ ಸಹಿ ಹಾಕಬಾರದು.

ಧರ್ಮೋಪದೇಶಕಾಂಡದ 22ನೆಯ ಅಧ್ಯಾಯದಲ್ಲಿ ಮನೆ ಕಟ್ಟುವವನಿಗೆ ಒಂದು ಆಜ್ಞೆ ಇದೆ. ಹೊಸ ಮನೆ ಕಟ್ಟಿದರೆ ಮಾಳಿಗೆಯ ಸುತ್ತ ಕೈಪಿಡಿಗೋಡೆ ಕಟ್ಟಬೇಕು, ಕಟ್ಟದೆ ಯಾರಾದರೂ ಬಿದ್ದರೆ ಆ ರಕ್ತದ ಹೊಣೆ ಮನೆಯ ಮೇಲೆ ಬರುತ್ತದೆ ಎಂಬುದು ಅದರ ತಾತ್ಪರ್ಯ. ಬಿದ್ದವನು ಏಕೆ ಅಂಚಿಗೆ ಹೋದ ಎಂದು ಅಲ್ಲಿ ಮೊದಲು ಕೇಳಿಲ್ಲ. ಗೋಡೆ ಇತ್ತೇ ಎಂದು ಕೇಳಿದೆ. ಬರ್ನರಿನ ಗಾಳಿಯ ಸ್ವಿಚ್ಚು, ಜ್ವಾಲೆಯ ಕಣ್ಣು, ಕೆಂಪು ದೀಪ, ಇವು ನಮ್ಮ ಕಾಲದ ಕೈಪಿಡಿಗೋಡೆ. ಅದನ್ನು ಕೆಡವಿದವರು ಯಾರು ಎಂಬುದು ವಿಚಾರಣೆಯ ಮೊದಲ ಪ್ರಶ್ನೆಯಾಗಬೇಕು. ಕೆಲಸವಿರುವುದು ಮನುಷ್ಯನಿಗಾಗಿ ಎಂದು ಪೋಪ್ ಎರಡನೆಯ ಜಾನ್ ಪೌಲರು 1981ರ ತಮ್ಮ ವಿಶ್ವಪತ್ರದಲ್ಲಿ ಕಲಿಸಿದ್ದೂ ಇದೇ ದಾರಿಯದು.

ಆ ಹಳೆಯ ವಿಚಾರಣೆಯನ್ನು ಮತ್ತೆ ತೆರೆಯಬೇಕೆಂದು ನಾನು ಅರ್ಜಿ ಬರೆದಿದ್ದೇನೆ. ಅದರಲ್ಲಿ ನನ್ನ ಮೊದಲಿನ ಸಹಿ ತಿಳಿಯದೆ ಹಾಕಿದ್ದೆಂದು ಒಪ್ಪಿಕೊಂಡಿದ್ದೇನೆ. ಫಲ ಏನಾಗುವುದೋ ದೇವರಿಗೆ ಗೊತ್ತು. ಕಳೆದ ಕಾರ್ಮಿಕ ಸಂತ ಜೋಸೆಫರ ಹಬ್ಬದಂದು ಪೂಜೆ ಮುಗಿದ ಮೇಲೆ ಅರ್ಜಿಯನ್ನು ಅವನ ಮನೆಗೆ ಒಯ್ದು ಓದಿ ಹೇಳಿದೆ. ಅವನು ಕೇಳಿಸಿಕೊಂಡು, ಎಡಗೈಯಿಂದ ನಿಧಾನವಾಗಿ ತನ್ನ ಹೆಸರು ಬರೆದ. ಅವನ ದೊಡ್ಡ ಮಗ ಪಕ್ಕದಲ್ಲಿ ಕುಳಿತು, "ಗಾಳಿ ಸ್ವಿಚ್ ಅಂದರೆ ಏನು ಮಾಮ?" ಎಂದು ಕೇಳಿದ. ಕಾಗದದ ಹಿಂಬದಿಯಲ್ಲಿ ಚಿತ್ರ ಬರೆದು ಅವನಿಗೆ ತೋರಿಸಿದೆ. ನಿಮ್ಮ ಮನೆಯಲ್ಲಿಯೂ ಯಾರಾದರೂ ಡ್ರೈಯರಿನ ಕೆಲಸಕ್ಕೆ ಹೋಗುವವರಿದ್ದರೆ ಇಂದು ರಾತ್ರಿ ಊಟವಾದ ಮೇಲೆ ಇದನ್ನು ಅವರಿಗೆ ಓದಿ ಹೇಳಿ.